ಮಹಮೂದ್ ಗವಾನ್: ಖಡ್ಗವೂ ಮುದ್ರೆಯೂ

ಕರ್ನಾಟಕದ ಉತ್ತರದ ತುದಿಯಲ್ಲಿ, ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಅಂಚಿನ ಮೇಲೆ ಬೀದರ ನಗರವು ನೆಲೆಸಿದೆ. ಅಲ್ಲಿಂದ ವಾಯವ್ಯಕ್ಕೆ ನಡೆದರೆ ಭಾಲ್ಕಿ. ಉತ್ತರಕ್ಕೆ ನಡೆದರೆ ಔರಾದ. ಕೆಂಪು ನೆಲವು ಇಳಿದು ಕಪ್ಪು ಎರೆಯ ಬಯಲು ಹರಡುವ ಆ ಸೀಮೆಯಲ್ಲಿ ಮಾಂಜ್ರಾ ನದಿಯು ಬಳಸಿ ಬಳಸಿ ಹರಿಯುತ್ತದೆ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾಹನು ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಬದಲಾಯಿಸಿದನು. ಅಂದಿನಿಂದ ಈ ನಗರವು ದಖ್ಖನಿನ ರಾಜಕೀಯದ ಕೇಂದ್ರವಾಯಿತು. ಬಂಡೆಯನ್ನೇ ಕಡಿದು ತೆಗೆದ ಆಳವಾದ ಕಂದಕ, ಭದ್ರವಾದ ಕೋಟೆ, ಅರಮನೆಗಳು, ಅಷ್ಟೂರಿನ ಗೋರಿಗಳು ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿವೆ.

ನಗರದ ನಡುವೆ ಅರ್ಧ ಮುರಿದ ಒಂದು ಭವ್ಯ ಕಟ್ಟಡವಿದೆ. ಅದರ ಮುಂಭಾಗದಲ್ಲಿ ಒಂದು ಮೀನಾರು ಮಾತ್ರ ಉಳಿದಿದೆ. ನೀಲಿ, ಹಳದಿ, ಬಿಳಿ ಬಣ್ಣಗಳ ಹೊಳಪಿನ ಬಿಲ್ಲೆಗಳು ಅಲ್ಲಲ್ಲಿ ಗೋಡೆಗೆ ಅಂಟಿಕೊಂಡಿವೆ. ಇದು ಮಹಮೂದ್ ಗವಾನನು ಕಟ್ಟಿಸಿದ ವಿದ್ಯಾಲಯ. ಆತನನ್ನು ನಾವು ಸಾಮಾನ್ಯವಾಗಿ ವಿದ್ಯಾಪ್ರೇಮಿಯೆಂದು ನೆನೆಯುತ್ತೇವೆ. ಆದರೆ ಆತನು ಕೇವಲ ಪಂಡಿತನಲ್ಲ; ಒಂದು ದೊಡ್ಡ ರಾಜ್ಯದ ಖಡ್ಗವನ್ನು ಕೈಯಲ್ಲಿ ಹಿಡಿದಿದ್ದ ಮಂತ್ರಿ. ಖಡ್ಗವನ್ನು ಆರಿಸುವುದು ಒಂದು ವಿದ್ಯೆ. ಅದನ್ನು ತುಕ್ಕು ಹಿಡಿಯದಂತೆ ಕಾಪಾಡುವುದು ಇನ್ನೊಂದು. ಅದನ್ನು ಯಾವಾಗ ಒರೆಯಲ್ಲಿಡಬೇಕೆಂದು ತಿಳಿಯುವುದು ಮೂರನೆಯದು. ಗವಾನನು ಈ ಮೂರನ್ನೂ ಬಲ್ಲವನಾಗಿದ್ದನು. ಆತನ ಒಡೆಯನು ಬಲ್ಲವನಾಗಿರಲಿಲ್ಲ. ಇವರಿಬ್ಬರ ನಡುವಿನ ಈ ಅಂತರವೇ ಒಂದು ರಾಜ್ಯದ ಅಳಿವಿಗೆ ಕಾರಣವಾಯಿತು.

ಗವಾನನ ಪೂರ್ಣ ಹೆಸರು ಖ್ವಾಜಾ ಇಮಾದುದ್ದೀನ್ ಮಹಮೂದ್. ಆತನು 1411ರಲ್ಲಿ ಇರಾನಿನ ಗೀಲಾನ್ ಪ್ರಾಂತದ ಗವಾನ್ ಎಂಬ ಊರಿನಲ್ಲಿ ಜನಿಸಿದನು. ಅದು ಕ್ಯಾಸ್ಪಿಯನ್ ಸಮುದ್ರದ ತೀರದ ನಾಡು. ಆತನ ಮನೆತನದವರು ಅಲ್ಲಿನ ಅರಸರ ಆಸ್ಥಾನದಲ್ಲಿ ಉನ್ನತ ಪದವಿಗಳಲ್ಲಿದ್ದರು. ಆಸ್ಥಾನದ ಒಳಜಗಳಗಳಿಂದ ಬೇಸತ್ತು ಗವಾನನು ಹುಟ್ಟೂರನ್ನು ಬಿಟ್ಟು ವ್ಯಾಪಾರವನ್ನು ಕೈಗೊಂಡನು. ನಾಡುನಾಡುಗಳನ್ನು ಸುತ್ತಿದನು; ಹೋದಲ್ಲೆಲ್ಲ ವಿದ್ವಾಂಸರ ಸಂಗವನ್ನು ಬಯಸಿದನು. 1453ರಲ್ಲಿ, ತನ್ನ ನಲವತ್ತೆರಡರ ವಯಸ್ಸಿನಲ್ಲಿ, ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದನು. ಬೀದರದಲ್ಲಿದ್ದ ಸೂಫಿ ಸಂತ ಶಾಹ್ ಮುಹಿಬ್ಬುಲ್ಲಾನ ದರ್ಶನ ಪಡೆದು ಮುಂದೆ ದೆಹಲಿಗೆ ಹೋಗಬೇಕೆಂಬುದು ಆತನ ಉದ್ದೇಶವಾಗಿತ್ತು. ಆದರೆ ಬೀದರವು ಆತನನ್ನು ಹಿಡಿದು ನಿಲ್ಲಿಸಿತು. ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದನು ಆತನ ವಿದ್ವತ್ತನ್ನೂ ಲೋಕಾನುಭವವನ್ನೂ ಮೆಚ್ಚಿ ಸಾವಿರ ಕುದುರೆಗಳ ಸರದಾರನ ಪದವಿಯನ್ನು ಕೊಟ್ಟನು.

ವರ್ತಕನಾಗಿ ಬಂದವನಿಗೆ ಸರಕನ್ನು ನೋಡಿ ಬೆಲೆ ಕಟ್ಟುವ ಕಣ್ಣು ಇರಲೇಬೇಕು. ಆ ಕಾಲದ ದಖ್ಖನಿನಲ್ಲಿ ಆಯುಧಗಳ ವಿಷಯದಲ್ಲಿ ಇಂತಹ ಕಣ್ಣಿಗೆ ಬಹಳ ಬೆಲೆಯಿತ್ತು. ಔರಾದದಿಂದ ಪೂರ್ವಕ್ಕೂ ಈಶಾನ್ಯಕ್ಕೂ ಸಾಗಿದರೆ ಈಗಿನ ತೆಲಂಗಾಣದ ನಿಜಾಮಾಬಾದ್, ನಿರ್ಮಲ್ ಸೀಮೆಗಳು ಸಿಗುತ್ತವೆ. ಆ ಸೀಮೆಯ ಕಮ್ಮಾರರು ಉಕ್ಕನ್ನು ತಯಾರಿಸುವುದರಲ್ಲಿ ಹೆಸರಾದವರು. ಅವರು ಕಬ್ಬಿಣದ ತುಂಡುಗಳನ್ನು ಕಟ್ಟಿಗೆಯ ಚೂರು, ಎಲೆ ಮೊದಲಾದವುಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯನ್ನು ಭದ್ರವಾಗಿ ಮುಚ್ಚಿ, ಕುಲುಮೆಯಲ್ಲಿ ಬಹುಕಾಲ ಕಾಯಿಸುತ್ತಿದ್ದರು. ಮೂಸೆಯನ್ನು ನಿಧಾನವಾಗಿ ಆರಲು ಬಿಡುತ್ತಿದ್ದರು. ಅದನ್ನು ಒಡೆದಾಗ ಒಳಗೆ ಉಕ್ಕಿನ ಸಣ್ಣ ಗಟ್ಟಿಯೊಂದು ದೊರೆಯುತ್ತಿತ್ತು. ಆ ಗಟ್ಟಿಯನ್ನು ಹದವರಿತು ಬಡಿದು ಮಾಡಿದ ಅಲಗಿನ ಮೇಲೆ ನೀರಿನ ಅಲೆಗಳಂತಹ ಗೆರೆಗಳು ಮೂಡುತ್ತಿದ್ದವು. ಕೊಳ್ಳುವವರು ಈ ಗೆರೆಗಳನ್ನು ನೋಡಿ ಉಕ್ಕಿನ ಗುಣವನ್ನು ಅರಿಯುತ್ತಿದ್ದರು.

ದಖ್ಖನಿನ ಈ ಉಕ್ಕು ಹಡಗುಗಳನ್ನೇರಿ ಇರಾನ್, ಅರಬಸ್ತಾನಗಳಿಗೆ ಹೋಗುತ್ತಿತ್ತು. 19ನೆಯ ಶತಮಾನದ ಆರಂಭದಲ್ಲಿ ಕೂಡ ಇರಾನಿನ ವರ್ತಕರು ನಿಜಾಮಾಬಾದ್ ಸೀಮೆಯ ಕೋನಸಮುದ್ರಂ ಎಂಬ ಹಳ್ಳಿಗೆ ಬಂದು, ತಾವೇ ಮುಂದೆ ನಿಂತು ಪರೀಕ್ಷಿಸಿ ಉಕ್ಕಿನ ಗಟ್ಟಿಗಳನ್ನು ಕೊಳ್ಳುತ್ತಿದ್ದರು. ಯುರೋಪಿನ ವಿಜ್ಞಾನಿಗಳು 18ನೆಯ ಶತಮಾನದ ಕೊನೆಯಲ್ಲಿ ಈ ಲೋಹವನ್ನು ವೂಟ್ಸ್ ಎಂಬ ಹೆಸರಿನಿಂದ ಅಭ್ಯಸಿಸತೊಡಗಿದರು. ನಮ್ಮ ಕನ್ನಡದ ಉಕ್ಕು ಎಂಬ ಶಬ್ದವೇ ಅವರ ಬರಹದಲ್ಲಿ ಹೀಗೆ ರೂಪ ಬದಲಾಯಿಸಿತೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಉತ್ತಮವಾದ ಅಲಗನ್ನು ಕೊಂಡರೆ ಸಾಲದು, ಅದನ್ನು ಕಾಪಾಡಿಕೊಳ್ಳಬೇಕು. ಉಕ್ಕಿಗೆ ನೀರು ಶತ್ರು. ಮನುಷ್ಯನ ಬೆವರು ಅದಕ್ಕಿಂತ ದೊಡ್ಡ ಶತ್ರು. ಬರಿಗೈಯಿಂದ ಮುಟ್ಟಿದ ಜಾಗದಲ್ಲಿ ಬೆವರಿನ ಉಪ್ಪು ಉಳಿದು ತುಕ್ಕು ಹುಟ್ಟುತ್ತದೆ. ಆದುದರಿಂದ ಅಲಗನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಒಣಗಿದ ಒರೆಯಲ್ಲಿಡುವುದು ವಾಡಿಕೆ. ಸುಗ್ಗಿ ಮುಗಿದ ಮೇಲೆ ಕುಡುಗೋಲನ್ನು ಒರೆಸಿ ಸೂರಿಗೆ ಸಿಕ್ಕಿಸುವ ರೈತನಿಗೂ, ಆಯುಧಪೂಜೆಯ ದಿನ ಉಪಕರಣಗಳನ್ನು ತೊಳೆದು ಪೂಜಿಸುವ ಕಮ್ಮಾರ ಬಡಗಿಗಳಿಗೂ ಈ ಸತ್ಯ ತಿಳಿದೇ ಇದೆ.

ಇದೇ ಕಾಲದಲ್ಲಿ ಏಷ್ಯಾ ಖಂಡದ ಪೂರ್ವದ ತುದಿಯಾದ ಜಪಾನಿನಲ್ಲಿ ಖಡ್ಗದ ವಿದ್ಯೆಯು ಒಂದು ಶಾಸ್ತ್ರವಾಗಿಯೇ ಬೆಳೆದಿತ್ತು. ಬೀದರಕ್ಕೂ ಜಪಾನಿಗೂ ನೇರ ಸಂಪರ್ಕವಿರಲಿಲ್ಲ. ಆದರೂ ಗವಾನನ ಜೀವನದ ಮರ್ಮವನ್ನು ತಿಳಿಯಲು ಆ ನಾಡಿನ ಪದ್ಧತಿಯು ಒಂದು ಕನ್ನಡಿಯಾಗುತ್ತದೆ. 1467ರಿಂದ 1477ರವರೆಗೆ ಜಪಾನಿನಲ್ಲಿ ಓನಿನ್ ಯುದ್ಧವೆಂಬ ಅಂತಃಕಲಹ ನಡೆಯಿತು; ರಾಜಧಾನಿ ಕ್ಯೋಟೋ ಸುಟ್ಟು ಹಾಳಾಯಿತು. ಯುದ್ಧಗಳ ಬೇಡಿಕೆ ಹೆಚ್ಚಿದಂತೆ ಖಡ್ಗಗಳು ರಾಶಿರಾಶಿಯಾಗಿ ತಯಾರಾದವು. ಅವುಗಳಲ್ಲಿ ಉತ್ತಮವಾದುವೂ ಇದ್ದವು, ಕೀಳಾದುವೂ ಇದ್ದವು. ಒಳ್ಳೆಯದನ್ನು ಆರಿಸುವುದು ಹೇಗೆ? ಹೊನಾಮಿ ಎಂಬ ಮನೆತನದವರು ಖಡ್ಗಗಳನ್ನು ಸಾಣೆ ಹಿಡಿಯುವುದರಲ್ಲಿಯೂ ಪರೀಕ್ಷಿಸುವುದರಲ್ಲಿಯೂ ವಂಶಪರಂಪರೆಯಾಗಿ ನಿಷ್ಣಾತರಾಗಿದ್ದರು.

ಜಪಾನಿನ ಖಡ್ಗದ ಹಿಡಿಯೊಳಗೆ ಸೇರುವ ಭಾಗದ ಮೇಲೆ ಕಮ್ಮಾರನು ತನ್ನ ಹೆಸರನ್ನು ಕೊರೆಯುವ ಪದ್ಧತಿಯಿತ್ತು. ಆದರೆ ಜಾಣರಾದ ಪರೀಕ್ಷಕರು ಮೊದಲು ಆ ಹೆಸರನ್ನು ನೋಡುವುದಿಲ್ಲ. ಅಲಗಿನ ಬಾಗು, ಉಕ್ಕನ್ನು ಮಡಚಿ ಮಡಚಿ ಬಡಿದುದರಿಂದ ಮೂಡಿದ ಪದರುಗಳ ವಿನ್ಯಾಸ, ಬಾಯಿಯ ಉದ್ದಕ್ಕೂ ಮಂಜಿನಂತೆ ಕಾಣುವ ಹದದ ಗೆರೆ, ಇವನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, ಇದು ಯಾವ ಕಾಲದ್ದು, ಯಾರ ಕೈಯದು ಎಂದು ನಿರ್ಧರಿಸುತ್ತಾರೆ. ಹೆಸರನ್ನು ನೋಡುವುದು ಕೊನೆಗೆ. ಏಕೆಂದರೆ ಹೆಸರನ್ನು ಯಾರು ಬೇಕಾದರೂ ಕೊರೆಯಬಹುದು. ಕೀಳು ಅಲಗಿನ ಮೇಲೆ ದೊಡ್ಡ ಕಮ್ಮಾರನ ಹೆಸರನ್ನು ಕೊರೆದು ಮಾರುವ ವಂಚಕರು ಎಂದೂ ಕಡಿಮೆಯಿರಲಿಲ್ಲ. ಇದಕ್ಕೆ ಪ್ರತಿಯಾಗಿ, ಜಪಾನಿನಲ್ಲಿ ಎಲ್ಲರಿಗಿಂತ ಶ್ರೇಷ್ಠನೆನಿಸಿದ ಮಸಮುನೆ ಎಂಬ ಕಮ್ಮಾರನ ಬಹುತೇಕ ಖಡ್ಗಗಳ ಮೇಲೆ ಹೆಸರೇ ಇಲ್ಲ. ಅವನ ಕೆಲಸವೇ ಅವನ ಹೆಸರು.

ಅಲ್ಲಿ ಖಡ್ಗದ ಆರೈಕೆಯೂ ಅಷ್ಟೇ ಎಚ್ಚರಿಕೆಯದು. ಹಳೆಯ ಎಣ್ಣೆಯನ್ನು ಮೆತ್ತನೆಯ ಕಾಗದದಿಂದ ಒರೆಸುತ್ತಾರೆ. ಸಾಣೆಕಲ್ಲಿನ ನಯವಾದ ಪುಡಿಯನ್ನು ಅಲಗಿನ ಮೇಲೆ ಮೆಲ್ಲಗೆ ತಟ್ಟಿ, ಉಳಿದ ಜಿಡ್ಡನ್ನು ತೆಗೆಯುತ್ತಾರೆ. ಲವಂಗದ ಪರಿಮಳವುಳ್ಳ ಎಣ್ಣೆಯನ್ನು ತೆಳುವಾಗಿ ಸವರುತ್ತಾರೆ. ಬಹುಕಾಲ ಇಡಬೇಕಾದ ಖಡ್ಗಕ್ಕೆ ಅಲಂಕಾರದ ಒರೆಯಲ್ಲ, ಸಾದಾ ಮರದ ಒರೆಯೇ ಸಲ್ಲುತ್ತದೆ. ಅಲಗು ಬರಿದಾಗಿರುವಾಗ ಅದರ ಮೇಲೆ ಬಾಗಿ ಮಾತನಾಡಬಾರದು. ಬಾಯಿಯ ಹನಿ ಬಿದ್ದರೂ ಕಲೆಯಾಗುತ್ತದೆ. ಒರೆಯಿಂದ ತೆಗೆದ ಖಡ್ಗದ ಮುಂದೆ ಮೌನವಾಗಿರಬೇಕೆಂಬುದು ಅಲ್ಲಿನ ಸಂಪ್ರದಾಯ.

ಹೆಸರಿಗಿಂತ ಅಲಗನ್ನು ನೋಡು. ನೋಡಿ ಆರಿಸಿದುದನ್ನು ನಿತ್ಯವೂ ಕಾಪಾಡು. ಒರೆಯಿಂದ ತೆಗೆದಾಗ ವಿವೇಕದಿಂದಿರು. ಈ ಮೂರು ನೀತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೀದರಕ್ಕೆ ಹಿಂದಿರುಗೋಣ. ಅಲ್ಲಿ ಗವಾನನ ಮೊದಲ ಪರೀಕ್ಷೆಯು ಕಾದಿತ್ತು.

ಸುಲ್ತಾನನ ಬಂಧುವಾದ ಜಲಾಲ್‌ಖಾನನು ನಲ್ಗೊಂಡದಲ್ಲಿ ದಂಗೆಯೆದ್ದಾಗ ಅದನ್ನು ಅಡಗಿಸಲು ಗವಾನನನ್ನು ಕಳುಹಿಸಲಾಯಿತು. ಗವಾನನು ಕೋಟೆಯನ್ನು ಮುತ್ತಿದನು. ಆದರೆ ಶರಣಾಗತರ ರಕ್ತವನ್ನು ಹರಿಸಲಿಲ್ಲ. ದಂಗೆಕೋರರಿಗೆ ಕ್ಷಮೆಯನ್ನು ಕೊಡಿಸಿ ಖಡ್ಗವನ್ನು ಒರೆಗೆ ಸೇರಿಸಿದನು. ಮುಂದೆ 1458ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನ್ ಷಾಹನು ಆತನಿಗೆ ಉನ್ನತ ಅಧಿಕಾರವನ್ನೂ ವರ್ತಕರ ನಾಯಕನೆಂಬ ಅರ್ಥವುಳ್ಳ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದನ್ನೂ ಕೊಟ್ಟನು.

1461ರಲ್ಲಿ ಹುಮಾಯೂನನು ತೀರಿಕೊಂಡಾಗ ಅವನ ಮಗ ನಿಜಾಮ್ ಷಾಹನು ಎಂಟು ವರ್ಷದ ಬಾಲಕ. ರಾಜಮಾತೆಯು ಗವಾನನೇ ಮೊದಲಾದವರ ನೆರವಿನಿಂದ ರಾಜ್ಯಭಾರವನ್ನು ನಡೆಸಿದಳು. ಮಾಳವದ ಸುಲ್ತಾನನು ಈ ಸಮಯವನ್ನೇ ನೋಡಿ ದಂಡೆತ್ತಿ ಬಂದನು. ಬಹಮನಿ ಸೈನ್ಯ ಸೋತಿತು; ಬೀದರ ನಗರ ಶತ್ರುವಿನ ಕೈ ಸೇರಿತು. ಆಗ ಗವಾನನು ಗುಜರಾತಿನ ಸುಲ್ತಾನ ಮಹಮೂದ್ ಬೇಗಡನ ಸಹಾಯವನ್ನು ಪಡೆದು ಶತ್ರುವಿಗೆ ಹಿಂದಿರುಗುವ ದಾರಿಯೂ ಕಠಿಣವಾಗುವಂತೆ ಮಾಡಿದನು. ರಾಜ್ಯವು ಉಳಿಯಿತು. 1463ರಲ್ಲಿ ಮೂರನೆಯ ಮಹಮ್ಮದ್ ಷಾಹನು, ಅವನೂ ಬಾಲಕನೇ, ಸಿಂಹಾಸನವನ್ನೇರಿದನು. 1466ರಲ್ಲಿ ಗವಾನನು ಪ್ರಧಾನ ಮಂತ್ರಿಯಾದನು. ಮುಂದಿನ ಹದಿನೈದು ವರ್ಷ ಬಹಮನಿ ರಾಜ್ಯದ ನಿಜವಾದ ಬೆನ್ನೆಲುಬು ಆತನೇ.

ಈ ವರ್ಷಗಳಲ್ಲಿ ಗವಾನನ ನಾಯಕತ್ವದಲ್ಲಿ ಬಹಮನಿ ಸೇನೆಯು ಕೊಂಕಣದ ದುರ್ಗಮವಾದ ಕಾಡುಬೆಟ್ಟಗಳಲ್ಲಿ ಹೋರಾಡಿ ಖೇಳ್ಣಾ ಮೊದಲಾದ ಕೋಟೆಗಳನ್ನು ವಶಪಡಿಸಿಕೊಂಡಿತು. 1472ರಲ್ಲಿ ಗೋವೆಯ ಬಂದರು ಕೈಸೇರಿತು. ಅರಬಸ್ತಾನದ ಕುದುರೆಗಳು ಹಡಗಿನಿಂದ ಇಳಿಯುವ ಬಂದರು ಅದು. ಕುದುರೆಗಳಿಲ್ಲದೆ ಅಂದಿನ ಸೈನ್ಯವಿಲ್ಲ. ಮರುವರ್ಷ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಸುರಂಗಗಳಲ್ಲಿ ಮದ್ದು ತುಂಬಿ ಗೋಡೆಯನ್ನು ಸಿಡಿಸಿದರು. ದಖ್ಖನಿನಲ್ಲಿ ಯುದ್ಧದ ರೀತಿಯೇ ಬದಲಾಗುತ್ತಿತ್ತು. ರಾಜ್ಯವು ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿನವರೆಗೆ ಹರಡಿತು.

1470ರ ಆಸುಪಾಸಿನಲ್ಲಿ ರಷ್ಯಾ ದೇಶದ ವರ್ತಕ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಮಾರುವುದಕ್ಕಾಗಿ ಕಡಲನ್ನು ದಾಟಿ ಬಂದು ಬೀದರವನ್ನು ತಲುಪಿದನು. ಅವನು ತನ್ನ ಪ್ರವಾಸದ ಬರಹದಲ್ಲಿ ಸುಲ್ತಾನನ ಮೆರವಣಿಗೆಯನ್ನು ಬಣ್ಣಿಸಿದ್ದಾನೆ. ಕವಚ ತೊಟ್ಟ ಆನೆಗಳು, ಅವುಗಳ ದಂತ ಸೊಂಡಿಲುಗಳಿಗೆ ಕಟ್ಟಿದ ಭಾರವಾದ ಖಡ್ಗಗಳು, ಚಿನ್ನದಿಂದ ಸಿಂಗರಿಸಿದ ಆಯುಧಗಳು ಅವನನ್ನು ಬೆರಗುಗೊಳಿಸಿದವು. ಸರದಾರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುವುದನ್ನೂ ಹಳ್ಳಿಯ ಜನ ಬಡತನದಲ್ಲಿ ಬಾಳುವುದನ್ನೂ ಅವನು ಕಂಡು ಬರೆದನು. ಮಲಿಕ್-ಉತ್-ತುಜ್ಜಾರನ ಹೆಸರೂ ಅವನ ಬರಹದಲ್ಲಿದೆ.

ಆದರೆ ಮೆರವಣಿಗೆಯ ಖಡ್ಗ ಬೇರೆ, ಯುದ್ಧದ ಖಡ್ಗ ಬೇರೆ ಎಂಬುದನ್ನು ಗವಾನನು ಚೆನ್ನಾಗಿ ಅರಿತಿದ್ದನು. ಪ್ರಾಂತಾಧಿಕಾರಿಗಳು ಸೈನಿಕರ ಲೆಕ್ಕದಲ್ಲಿ ಹಣವನ್ನು ಪಡೆದು, ಅಷ್ಟು ಸೈನಿಕರನ್ನು ಇಟ್ಟುಕೊಳ್ಳದೆ ಹೋದರೆ ರಾಜ್ಯದ ಅಲಗಿಗೆ ತುಕ್ಕು ಹಿಡಿಯುತ್ತದೆ. ಇದನ್ನು ತಡೆಯಲು ಆತನು ಕಟ್ಟುನಿಟ್ಟಾದ ಸುಧಾರಣೆಗಳನ್ನು ತಂದನು. 500 ಸೈನಿಕರ ಮುಖ್ಯನಿಗೆ ವರ್ಷಕ್ಕೆ ಸಲ್ಲುತ್ತಿದ್ದ 1,00,000 ಹೊನ್ನನ್ನು 1,25,000 ಹೊನ್ನಿಗೆ ಏರಿಸಿದನು. ಆದರೆ ನಿಗದಿಯಾದ ಸಂಖ್ಯೆಯಲ್ಲಿ ಒಬ್ಬ ಸೈನಿಕ ಕಡಿಮೆಯಾದರೂ ಆ ಪ್ರಮಾಣದ ಹಣವನ್ನು ಬೊಕ್ಕಸಕ್ಕೆ ಹಿಂದಿರುಗಿಸಬೇಕೆಂದು ವಿಧಿಸಿದನು. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿದನು. ಒಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಇರಬೇಕು. ಉಳಿದ ಕೋಟೆಗಳ ಕಾವಲು ಸುಲ್ತಾನನೇ ನೇಮಿಸಿದವರದು ಎಂದು ಗೊತ್ತುಪಡಿಸಿದನು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಕ್ರಮಗೊಳಿಸಿದನು.

ಆಸ್ಥಾನದಲ್ಲಿ ಆಗ ಎರಡು ಪಕ್ಷಗಳಿದ್ದವು. ಇಲ್ಲಿಯೇ ಬೇರೂರಿದ ದಖ್ಖನಿಗಳು ಒಂದು ಕಡೆ. ಇರಾನ್, ತುರ್ಕಸ್ತಾನ ಮೊದಲಾದ ನಾಡುಗಳಿಂದ ಹೊಸದಾಗಿ ಬಂದವರು ಇನ್ನೊಂದು ಕಡೆ. ತಾನು ಹೊರಗಿನಿಂದ ಬಂದವನಾದರೂ ಗವಾನನು ಎರಡೂ ಪಕ್ಷದವರಿಗೆ ಅಧಿಕಾರದಲ್ಲಿ ಪಾಲು ಕೊಟ್ಟನು. ಭಾಲ್ಕಿ ಔರಾದಗಳ ಸೀಮೆಯ ರೈತನು ದೇವಣಿ ಎತ್ತನ್ನು ಕೊಳ್ಳುವಾಗ ಮಾರುವವನ ಮಾತನ್ನು ನಂಬದೆ ಹಲ್ಲು, ಗೊರಸು, ನಡಿಗೆಗಳನ್ನು ನೋಡುತ್ತಾನೆ. ಗವಾನನೂ ಮನುಷ್ಯರನ್ನು ಹಾಗೆಯೇ ನೋಡಿದನು. ಹುಟ್ಟಿದ ನಾಡನ್ನು ಕೇಳದೆ ಕೆಲಸವನ್ನು ನೋಡಿ ಪದವಿ ಕೊಟ್ಟನು. ಆದರೆ ಕೋಟೆಗಳನ್ನು ಕಳೆದುಕೊಂಡ ಸರದಾರರಿಗೂ ಲೆಕ್ಕ ಒಪ್ಪಿಸಬೇಕಾದವರಿಗೂ ಆತನು ಕಣ್ಣಿನ ಕಸವಾದನು.

ಖಡ್ಗದಷ್ಟೇ ಲೇಖನಿಯೂ ಗವಾನನಿಗೆ ಪ್ರಿಯವಾಗಿತ್ತು. ಪತ್ರಲೇಖನದ ಕಲೆಯನ್ನು ಕುರಿತು ಆತನು ಪಾರಸಿ ಭಾಷೆಯಲ್ಲಿ ಮನಾಜಿರ್-ಉಲ್-ಇನ್ಶಾ ಎಂಬ ಗ್ರಂಥವನ್ನು ಬರೆದನು. ಆತನ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್ಶಾ ಎಂದು ಪ್ರಸಿದ್ಧವಾಗಿದೆ. ತುರ್ಕಿಯ ಸುಲ್ತಾನ ಎರಡನೆಯ ಮಹಮ್ಮದನಿಗೂ ಪಾರಸಿಯ ಮಹಾಕವಿ ಜಾಮಿಗೂ ಆತನು ಪತ್ರಗಳನ್ನು ಬರೆದನು. 1472ರ ಸುಮಾರಿಗೆ ಬೀದರದ ವಿದ್ಯಾಲಯವು ಪೂರ್ಣಗೊಂಡಿತು. ಪೂರ್ವಪಶ್ಚಿಮವಾಗಿ 205 ಅಡಿ, ದಕ್ಷಿಣೋತ್ತರವಾಗಿ 180 ಅಡಿ ವಿಸ್ತಾರವಾದ ಮೂರು ಅಂತಸ್ತಿನ ಕಟ್ಟಡ ಅದು. ಅದರಲ್ಲಿ ಉಪನ್ಯಾಸದ ಸಭಾಂಗಣಗಳು, ಮಸೀದಿ, ಗುರುಶಿಷ್ಯರ ವಾಸದ ಕೊಠಡಿಗಳು ಇದ್ದವು. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ದೂರದೂರದ ನಾಡುಗಳ ವಿದ್ವಾಂಸರು ಇಲ್ಲಿಗೆ ಬಂದು ಬೋಧಿಸಿದರು.

ಇಷ್ಟು ಅಧಿಕಾರವಿದ್ದರೂ ಗವಾನನ ಬಾಳು ಸರಳವಾಗಿತ್ತು. ಇರಾನಿನಿಂದ ತಾನು ತಂದಿದ್ದ ವ್ಯಾಪಾರದ ಬಂಡವಾಳದ ಲಾಭದಲ್ಲೇ ತನ್ನ ಸ್ವಂತ ಖರ್ಚನ್ನು ನಡೆಸಿದನು. ಮಣ್ಣಿನ ಪಾತ್ರೆಯಲ್ಲಿ ಅಡಿಗೆ, ಚಾಪೆಯ ಮೇಲೆ ನಿದ್ರೆ. ಕೊಂಕಣದ ವಿಜಯದ ಬಳಿಕ ಸುಲ್ತಾನನೇ ಆತನ ಮನೆಗೆ ಅತಿಥಿಯಾಗಿ ಬಂದು ಅಪಾರ ಗೌರವವನ್ನು ತೋರಿದನು. ಸುಲ್ತಾನನು ಹಿಂದಿರುಗಿದ ಮೇಲೆ ಗವಾನನು ಕೋಣೆಯ ಬಾಗಿಲನ್ನು ಹಾಕಿಕೊಂಡು ಕಣ್ಣೀರಿಟ್ಟನೆಂದೂ, ಅನಂತರ ತನ್ನ ಒಡವೆ ವಸ್ತ್ರಗಳನ್ನು ವಿದ್ವಾಂಸರಿಗೂ ಬಡವರಿಗೂ ಹಂಚಿದನೆಂದೂ ಚರಿತ್ರಕಾರ ಫಿರಿಸ್ತಾ ಬರೆದಿದ್ದಾನೆ. ಹೊಗಳಿಕೆಯು ತನ್ನ ಮನಸ್ಸಿಗೆ ತುಕ್ಕು ಹಿಡಿಸೀತೆಂಬ ಭಯ ಆತನಿಗಿತ್ತು.

ಆದರೆ ಕೇಡು ಒಳಗಿನಿಂದ ಬಂದಿತು. ಮಲಿಕ್ ಹಸನನೆಂಬ ಸರದಾರನು ತನ್ನ ಸಂಗಡಿಗರೊಡನೆ ಸೇರಿ ಒಂದು ಒಳಸಂಚನ್ನು ಹೂಡಿದನು. ಗವಾನನ ಮುದ್ರೆಯನ್ನು ಕಾಯುತ್ತಿದ್ದ ಸೇವಕನಿಗೆ ಆಸೆ ತೋರಿಸಿ, ಮದ್ಯವನ್ನು ಕುಡಿಸಿ, ಬರಿಯ ಕಾಗದದ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡರು. ಆ ಕಾಗದದಲ್ಲಿ ಒರಿಸ್ಸಾದ ಅರಸನಿಗೆ ಗವಾನನು ಬರೆದಂತೆ ಒಂದು ಪತ್ರವನ್ನು ಸೃಷ್ಟಿಸಿದರು. ಸುಲ್ತಾನನು ಕುಡುಕನಾಗಿದ್ದಾನೆ, ರಾಜ್ಯ ದುರ್ಬಲವಾಗಿದೆ, ದಂಡೆತ್ತಿ ಬಂದರೆ ಗೆಲುವು ಖಚಿತ ಎಂಬುದು ಆ ಪತ್ರದ ಸಾರ. 1481ರಲ್ಲಿ ಸುಲ್ತಾನನು ಆಂಧ್ರದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿದ್ದಾಗ, ಅವನು ಮದ್ಯದ ಅಮಲಿನಲ್ಲಿದ್ದ ಸಮಯವನ್ನೇ ನೋಡಿ ಪತ್ರವನ್ನು ಅವನ ಮುಂದಿಟ್ಟರು.

ಸುಲ್ತಾನನು ಕೂಡಲೇ ಗವಾನನಿಗೆ ಕರೆ ಕಳುಹಿಸಿದನು. ಅಪಾಯವನ್ನು ಅರಿತ ಮಿತ್ರರು ಗುಜರಾತಿನ ಕಡೆಗೆ ತಪ್ಪಿಸಿಕೊಂಡು ಹೋಗುವಂತೆ ಬೇಡಿಕೊಂಡರು. ಕುದುರೆಗಳೂ ಸವಾರರೂ ಸಿದ್ಧರಿದ್ದರು. ಗವಾನನು ಒಪ್ಪಲಿಲ್ಲ. ತಪ್ಪು ಮಾಡದವನು ಓಡಿಹೋಗಬಾರದೆಂದು ನಿರ್ಧರಿಸಿ ಒಬ್ಬನೇ ಸುಲ್ತಾನನ ಸನ್ನಿಧಿಗೆ ನಡೆದನು. ಪತ್ರವನ್ನು ತೋರಿಸಿದಾಗ ಮುದ್ರೆ ತನ್ನದೇ ಎಂದು ಒಪ್ಪಿಕೊಂಡನು. ಪತ್ರ ಮಾತ್ರ ತನ್ನದಲ್ಲವೆಂದು ಆಣೆಯಿಟ್ಟು ಹೇಳಿದನು.

ಆ ಕ್ಷಣದಲ್ಲಿ ಸುಲ್ತಾನನಿಗೆ ಪರೀಕ್ಷೆ ಮಾಡುವ ದಾರಿಗಳು ಎಷ್ಟೋ ಇದ್ದವು. ಕೈಬರಹ ಯಾರದೆಂದು ನೋಡಬಹುದಿತ್ತು. ಪತ್ರಲೇಖನದಲ್ಲಿ ಗ್ರಂಥವನ್ನೇ ಬರೆದವನ ಶೈಲಿ ಇದೇ ಹೌದೇ ಎಂದು ವಿಚಾರಿಸಬಹುದಿತ್ತು. ಮುದ್ರೆ ಕಾಯುವವನನ್ನು ಕರೆಸಿ ಕೇಳಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಇಪ್ಪತ್ತೆಂಟು ವರ್ಷಗಳ ಸೇವೆಯೆಂಬ ಅಲಗು ಅವನ ಕಣ್ಣ ಮುಂದೆಯೇ ಇತ್ತು. ಅವನು ಅಲಗನ್ನು ನೋಡಲಿಲ್ಲ. ಕೊರೆದ ಹೆಸರನ್ನು ಮಾತ್ರ ನೋಡಿದನು. ಮುದ್ರೆ ನಿಜವಾದುದರಿಂದ ಪತ್ರವೂ ನಿಜವೆಂದು ನಂಬಿದನು. ಬರಿದಾದ ಖಡ್ಗದ ಮುಂದೆ ಮೌನವಾಗಿ ಯೋಚಿಸಬೇಕಾದವನು ಅಮಲಿನಲ್ಲಿ ಅಪ್ಪಣೆ ಕೊಟ್ಟು ಎದ್ದುಹೋದನು. ಜೌಹರನೆಂಬ ಗುಲಾಮನು ಖಡ್ಗವನ್ನು ಎತ್ತಿದನು. 1481ರ ಏಪ್ರಿಲ್ 5ರಂದು ಎಪ್ಪತ್ತು ವರ್ಷದ ಆ ವೃದ್ಧ ಮಂತ್ರಿಯ ತಲೆ ಉರುಳಿತು. ಆತನು ಜೀವಮಾನವಿಡೀ ಕಾಪಾಡಿದ ರಾಜ್ಯದ ಖಡ್ಗವೇ ಆತನ ಮೇಲೆ ಬಿದ್ದಿತು.

ಗವಾನನ ಬಳಿ ಅಪಾರ ಐಶ್ವರ್ಯ ಇರಬಹುದೆಂದು ಸುಲ್ತಾನನು ಆತನ ಭಂಡಾರವನ್ನು ಶೋಧಿಸಿದನು. ಅಲ್ಲಿ ದೊರೆತದ್ದು ಅತ್ಯಲ್ಪ. ಲೆಕ್ಕವನ್ನು ನೋಡಿದಾಗ ಜಾಗೀರಿನ ಆದಾಯವೆಲ್ಲ ಸೈನಿಕರಿಗೂ ಕುದುರೆ ಆನೆಗಳಿಗೂ ದಾನಧರ್ಮಕ್ಕೂ ಸಂದಿತ್ತೆಂದು ತಿಳಿಯಿತು. ಆಗ ಸುಲ್ತಾನನಿಗೆ ತನ್ನ ತಪ್ಪಿನ ಅರಿವಾಯಿತು. ಮೊದಲು ಮಾಡಬೇಕಾಗಿದ್ದ ಪರೀಕ್ಷೆಯನ್ನು ಅವನು ಕೊನೆಗೆ ಮಾಡಿದ್ದನು. ಪಶ್ಚಾತ್ತಾಪದಿಂದ ಬೆಂದು, ಇನ್ನೂ ಹೆಚ್ಚಾಗಿ ಮದ್ಯಕ್ಕೆ ಶರಣಾಗಿ, 1482ರಲ್ಲಿ ಅವನೂ ತೀರಿಕೊಂಡನು. ಗವಾನನ ಗತಿಯನ್ನು ಕಂಡ ಸರದಾರರಿಗೆ ಸಿಂಹಾಸನದ ಮೇಲೆ ನಂಬಿಕೆ ಉಳಿಯಲಿಲ್ಲ. ಅವರು ತಮ್ಮ ತಮ್ಮ ಪ್ರಾಂತಗಳಲ್ಲಿ ಸ್ವತಂತ್ರರಾಗತೊಡಗಿದರು. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯವು ಒಡೆದು ಬಿಜಾಪುರ, ಅಹಮದನಗರ, ಬೇರಾರ್, ಗೋಲ್ಕೊಂಡ, ಬೀದರ ಎಂಬ ಐದು ರಾಜ್ಯಗಳಾದವು.

ಗವಾನನ ವಿದ್ಯಾಲಯವೂ ಇಂತಹುದೇ ಅವಿವೇಕಕ್ಕೆ ಬಲಿಯಾಯಿತು. 1657ರಲ್ಲಿ ಮೊಗಲರು ಬೀದರವನ್ನು ಗೆದ್ದ ಮೇಲೆ ಗ್ರಂಥಗಳಿರಬೇಕಾದ ಆ ಕಟ್ಟಡದಲ್ಲಿ ಸೈನಿಕರು ನೆಲೆಸಿದರು. ಕೆಲವು ಕೊಠಡಿಗಳಲ್ಲಿ ಮದ್ದನ್ನು ತುಂಬಿದರು. 1696ರಲ್ಲಿ ಆ ಮದ್ದು ಸಿಡಿದು ಕಟ್ಟಡದ ಮುಂಭಾಗವೂ ಒಂದು ಮೀನಾರೂ ಕುಸಿದುಬಿದ್ದವು. ಸಿಡಿಲು ಬಡಿದುದೇ ಇದಕ್ಕೆ ಕಾರಣವೆಂದು ಹೇಳುವವರೂ ಇದ್ದಾರೆ. ಕಿಡಿ ಯಾವುದೇ ಇರಲಿ, ಮದ್ದು ಇರಬಾರದ ಸ್ಥಳದಲ್ಲಿ ಇತ್ತೆಂಬುದು ನಿಜ. ಇಂದು ಆ ಕಟ್ಟಡವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ಸಂರಕ್ಷಿಸುತ್ತಿದೆ.

ಬೀದರದ ದಕ್ಷಿಣಕ್ಕೆ, ಗೋರ್ನಳ್ಳಿಯ ಸಮೀಪದಲ್ಲಿ ಗವಾನನ ಸಮಾಧಿಯಿದೆ. ಅಷ್ಟೂರಿನ ಸುಲ್ತಾನರ ಗೋರಿಗಳಂತೆ ಅದಕ್ಕೆ ಎತ್ತರವಾದ ಗುಮ್ಮಟವಿಲ್ಲ. ಬಾಳಿದಂತೆಯೇ ಸರಳವಾಗಿ ಆತನು ಅಲ್ಲಿ ಮಲಗಿದ್ದಾನೆ. ಒಂದು ವಸ್ತುವಾಗಲಿ, ಒಂದು ಬರಹವಾಗಲಿ, ಒಬ್ಬ ಮನುಷ್ಯನಾಗಲಿ ನಮ್ಮ ಮುಂದೆ ಬಂದಾಗ ಅದರ ಮೇಲಿನ ಮುದ್ರೆಯನ್ನು ಮಾತ್ರ ನೋಡಿ ತೀರ್ಪು ಕೊಡುವುದು ಸುಲಭ. ಅದರ ಒಳಗಿನ ಉಕ್ಕನ್ನು ನೋಡುವುದು ಕಷ್ಟ. ಅದಕ್ಕೆ ಬೆಳಕು ಬೇಕು, ತಾಳ್ಮೆ ಬೇಕು, ಎಚ್ಚರವಾದ ಮನಸ್ಸು ಬೇಕು. ಆ ಎಚ್ಚರವನ್ನು ಕಲಿಸುವುದೇ ವಿದ್ಯೆಯ ಗುರಿ. ಮುರಿದು ನಿಂತಿದ್ದರೂ ಮಹಮೂದ್ ಗವಾನನ ವಿದ್ಯಾಲಯವು ಇಂದಿಗೂ ಆ ಪಾಠವನ್ನು ಬೋಧಿಸುತ್ತಿದೆ.